ನಂದಿಬಟ್ಟಲಿನ ಹಸಿರು ಹುಳು

ಕಳೆದ ಶ್ರಾವಣದಲ್ಲಿ ಒಂದು ಬೆಳಗ್ಗೆ ಪೂಜೆಗೆ ಹೂ ಕೊಯ್ಯಲು ಹಿತ್ತಿಲಿಗೆ ಹೋದ ನಮ್ಮ ಮನೆಯವರು ಬರಿಯ ಬುಟ್ಟಿಯೊಡನೆ ಹಿಂದಿರುಗಿ, "ನಂದಿಬಟ್ಟಲಿನ ಕೊಂಬೆಗಳೆಲ್ಲ ಬೋಳಾಗಿವೆ. ಹುಳುವಿನ ಮದ್ದು ತಂದು ಹೊಡೆಯಬಾರದೆ?" ಎಂದರು. ಹೋಗಿ ನೋಡಿದೆನು. ನೆಲದ ಮೇಲೆ ಮೆಣಸಿನ ಕಾಳಿನಂತಹ ಹಿಕ್ಕೆಗಳು ಹರಡಿದ್ದವು. ಅವುಗಳಿಗೆ ನೇರವಾಗಿ ಮೇಲೆ ಅರಸಿದರೂ ಬಹಳ ಹೊತ್ತು ಏನೂ ಕಾಣಲಿಲ್ಲ. ಎಲೆಯ ಹಸಿರಿಗೂ ಹುಳುವಿನ ಹಸಿರಿಗೂ ಅಷ್ಟು ಹೊಂದಿಕೆ!

ಮೂರು ಅಂಗುಲ ಉದ್ದ, ಬೆರಳಿನ ಗಾತ್ರ. ಮೈಮೇಲೆ ಕೂದಲಿಲ್ಲವಾದುದರಿಂದ ಕಂಬಳಿಹುಳುವಿನಂತೆ ತುರಿಕೆಯ ಭಯವಿಲ್ಲ. ಪಕ್ಕದಲ್ಲಿ ಬಿಳಿಯ ಗೆರೆ, ಬಾಲದಲ್ಲಿ ಗಿಡ್ಡನೆಯ ಹಳದಿ ಕೊಂಬು. ಮುಟ್ಟಿದೊಡನೆ ತಲೆಯನ್ನು ಒಳಕ್ಕೆಳೆದುಕೊಂಡು ಕತ್ತನ್ನು ಉಬ್ಬಿಸಿತು. ಅಲ್ಲಿ ನೀಲಿಯ ಎರಡು ದೊಡ್ಡ ಕಣ್ಣುಗಳು ತೆರೆದವು. ಅವು ನಿಜವಾದ ಕಣ್ಣುಗಳಲ್ಲ, ವೈರಿಗಳನ್ನು ಬೆದರಿಸುವ ಬೊಟ್ಟುಗಳು. ಹಕ್ಕಿಗಳ ಮಾತಿರಲಿ, ನಾನೇ ಒಂದು ಹೆಜ್ಜೆ ಹಿಂದೆ ಸರಿದೆನು.

ಇದು ಕಣಗಿಲೆ ಪತಂಗದ ಮರಿ. 1758ರಲ್ಲಿ ಸ್ವೀಡನ್ ದೇಶದ ಲಿನೇಯಸ್ ಪಂಡಿತನು ಕಣಗಿಲೆಯ ಶಾಸ್ತ್ರೀಯ ನಾಮವಾದ 'ನೇರಿಯಂ' ಎಂಬುದರಿಂದಲೇ ಇದಕ್ಕೆ ಹೆಸರಿಟ್ಟನು. ಕಣಗಿಲೆಯ ಎಲೆಯಲ್ಲಿ ಹೃದಯವನ್ನು ಕೆಡಿಸುವ ವಿಷವುಂಟು. ಮೇಯ್ದ ದನ ಸಾಯುವುದುಂಟು. ಹುಳುವು ಅದನ್ನೇ ಉಂಡು ಕೊಬ್ಬುತ್ತದೆ. ಅದೇ ಕುಟುಂಬಕ್ಕೆ ಸೇರಿದ ನಂದಿಬಟ್ಟಲೂ ಅದಕ್ಕೆ ಪ್ರಿಯ.

ಮದ್ದಿಗೆ ನಾನು ಒಪ್ಪಲಿಲ್ಲ. ದೇವರಿಗೆ ಏರಿಸಿದ ಹೂ ಪ್ರಸಾದವಾಗಿ ಮಕ್ಕಳ ಕೈಗೆ ಬರುವುದಷ್ಟೆ. ಚೆನ್ನಾಗಿ ಬೇರುಬಿಟ್ಟ ಗಿಡವು ಎಲೆ ಹೋದರೂ ಮರಳಿ ಚಿಗುರುವುದು. ಎಳೆಯ ಗಿಡವಾದರೆ ಹುಳುವನ್ನು ಕಡ್ಡಿಯಸಮೇತ ತೆಗೆದು ದೊಡ್ಡ ಗಿಡಕ್ಕೆ ಸಾಗಿಸಬಹುದು. ಕಣಗಿಲೆಯ ಸೊನೆ ತಗಲಿದ ಕೈಯನ್ನು ಮಾತ್ರ ತೊಳೆಯಬೇಕು. ಇಷ್ಟರಿಂದ ನನ್ನನ್ನು ಅಹಿಂಸಾವ್ರತಿಯೆಂದು ವಾಚಕರು ಭಾವಿಸಬಾರದು. ಅದರ ಹಿಂದಿನ ವರ್ಷ ಇಂಥವೇ ಆರು ಹುಳುಗಳನ್ನು ಕಾಲಿನಿಂದ ಹೊಸಕಿದವನು ನಾನೇ.

ಈ ಸಲ ಮಗಳು ಒಂದನ್ನು ಗಾಜಿನ ಭರಣಿಯಲ್ಲಿ ಮಣ್ಣು, ತರಗೆಲೆ ಹಾಕಿ ಇಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ, ದಿನವೂ ಹೊಸ ಎಲೆ ಕೊಟ್ಟಳು. ನಾಲ್ಕನೆಯ ದಿನ ಹಸಿರು ಮಾಸಿ ಬೆನ್ನು ಕಂದಿತು. ಸಾಯುತ್ತಿದೆಯೆಂದು ಅವಳು ಅತ್ತಳು. ಅದು ಸಾಯಲಿಲ್ಲ, ತರಗೆಲೆಯ ಅಡಿಗೆ ಸರಿದು ಕೋಶವಾಯಿತು. ಸುಮಾರು ಎರಡು ವಾರಗಳ ಮೇಲೆ ಒಂದು ಸಂಜೆ ಅಂಗೈಯಗಲದ ಪತಂಗವೊಂದು ಭರಣಿಯ ಬಟ್ಟೆಗೆ ಅಂಟಿಕೊಂಡು ಕುಳಿತಿತ್ತು. ಹಸಿರಿನ ಮೇಲೆ ಹಸಿರು, ನಡುನಡುವೆ ಬಿಳುಪು, ನಸುಗೆಂಪು. ಪಾಚಿ ಹಿಡಿದ ಕಲ್ಲಿನ ಹಾಗೆ. ಇದರ ಬಳಗದವು ಬೇಸಿಗೆಯಲ್ಲಿ ಕಡಲು ದಾಟಿ ಯೂರೋಪಿಗೂ ಹೋಗುವುದುಂಟೆಂದು ಹೇಳಿದಾಗ ಮಗಳು ನಂಬಲಿಲ್ಲ. ಬಟ್ಟೆ ಬಿಚ್ಚಿದೆವು. ಕತ್ತಲಾಗುತ್ತಲೇ ಅದು ರೆಕ್ಕೆಗಳನ್ನು ನಡುಗಿಸಿ, ಮಲ್ಲಿಗೆಯ ಬಳ್ಳಿಯ ಮೇಲಿಂದ ಹಾರಿ ಮರೆಯಾಯಿತು.

ನಂದಿಬಟ್ಟಲು ಈಗ ಮೊದಲಿನಂತೆಯೇ ಹೂ ಬಿಡುತ್ತಿದೆ. ನಿನ್ನೆ ಅದರ ಚಿಗುರೆಲೆಯ ಮೇಲೆ ತಿಳಿಹಸಿರಿನ ಎರಡು ಮೊಟ್ಟೆಗಳು ಕಂಡವು. ಮನೆಯವರಿಗೆ ಇನ್ನೂ ತಿಳಿಸಿಲ್ಲ.