ಕವಿ ಯಾವ ಪಕ್ಷ?

ಮೊನ್ನೆ ಸಿದ್ದಾಪುರದ ಬಸ್ ನಿಲ್ದಾಣದಲ್ಲಿ ವಿದ್ಯಾರ್ಥಿನಿಯೊಬ್ಬಳ ತಂದೆ ನನ್ನನ್ನು ತಡೆದರು. ಶಾಲಾ ವಾರ್ಷಿಕೋತ್ಸವಕ್ಕೆ ಮಗಳು ಗೋಪಾಲಕೃಷ್ಣ ಅಡಿಗರ ಕವನ ಹಾಡುತ್ತಾಳಂತೆ. "ಆ ಕವಿ ಚುನಾವಣೆಗೆ ನಿಂತವರಂತೆ ಮೇಷ್ಟ್ರೇ, ನಮ್ಮ ಪಕ್ಷದಿಂದ ಅಲ್ಲವಂತೆ. ಬೇರೆ ಯಾರದಾದರೂ ಹಾಡಿಸಬಾರದೇ?" ಎಂದರು. ಕನ್ನಡ ಪಂಡಿತರನ್ನು ಕೇಳಿ ಎಂದು ನುಣುಚಿಕೊಳ್ಳಬಹುದಿತ್ತು. ಆದರೆ ವಿರಾಜಪೇಟೆ ಬಸ್ ತಡವಾಗಿತ್ತು.

ಅಡಿಗರು ಹುಟ್ಟಿದ್ದು 1918ರಲ್ಲಿ, ಬೈಂದೂರಿನ ಬಳಿಯ ಮೊಗೇರಿಯಲ್ಲಿ. ಸ್ವಾತಂತ್ರ್ಯ ಬಂದ ಮರುವರ್ಷ ಪ್ರಕಟವಾದ 'ಕಟ್ಟುವೆವು ನಾವು' ಸಂಕಲನದ ಹೆಸರೇ ಅವರ ಆಗಿನ ಉತ್ಸಾಹವನ್ನು ಹೇಳುತ್ತದೆ. ಆ ಉತ್ಸಾಹ ಬೇಗನೆ ಬತ್ತಿತು. ನೆಹರೂ ಅಧಿಕಾರದಲ್ಲಿರುವಾಗಲೇ 'ನೆಹರೂ ನಿವೃತ್ತರಾಗುವುದಿಲ್ಲ' ಎಂದು ಕುಟುಕಿ ಬರೆದರು. ಸಾಗರದ ಕಾಲೇಜಿನಲ್ಲಿ ಪ್ರಿನ್ಸಿಪಾಲರಾದರು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಅವರ ಆಪ್ತರು. ಅಂಥವರು 1971ರಲ್ಲಿ ಜನಸಂಘದ ಪರವಾಗಿ ಲೋಕಸಭೆಗೆ ನಿಂತರು! ಸೋತರು ಎನ್ನಿ. ಅವರ ಕಾವ್ಯವನ್ನು ಮೆಚ್ಚುತ್ತಿದ್ದ ಸಮಾಜವಾದಿಗಳಿಗೆ ಇದು ನುಂಗಲಾರದ ತುತ್ತಾಯಿತು.

ಫ್ರಾನ್ಸಿನ ಕವಿ ಲೂಯಿ ಅರಗಾನ್ ಹೀಗಲ್ಲ. 1927ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದವರು 1982ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಆದರೂ 1968ರಲ್ಲಿ ಸೋವಿಯತ್ ಸೈನ್ಯ ಚೆಕೊಸ್ಲೊವಾಕಿಯಕ್ಕೆ ನುಗ್ಗಿದಾಗ ಅವರೇ ಖಂಡಿಸಿದರು.

ಪ್ರಯೋಗದ ಫಲಿತಾಂಶ ಬೇರೆ ಬಂದರೆ ಊಹೆಯನ್ನು ತಿದ್ದಿಕೊಳ್ಳಿ ಎಂದು ತರಗತಿಯಲ್ಲಿ ಹೇಳುವವನು ನಾನು. ಕವಿ ತಿದ್ದಿಕೊಂಡರೆ ಪಕ್ಷಾಂತರಿ ಎಂದು ಜರೆಯಲೇ? ತಿದ್ದಿದ್ದೆಲ್ಲ ಸರಿಯೇ ಆಗಬೇಕಿಲ್ಲ, ಆ ಮಾತು ಬೇರೆ. 1971ರ ಆಯ್ಕೆ ನನಗಂತೂ ಹಿಡಿಸಿದ್ದಲ್ಲ.

ಆದರೆ ಮುಂದಿನ ವರ್ಷ ಏನಾಯಿತು ಕೇಳಿ. 1972ರಲ್ಲಿ ಗೋಪಾಲಗೌಡರು ತೀರಿಕೊಂಡರು. ಆ ಎದುರು ಪಾಳಯದ ಗೆಳೆಯನಿಗಾಗಿ ಅಡಿಗರು ಬರೆದ ಕವನವೇ 'ಶಾಂತವೇರಿಯ ಅಶಾಂತ ಸಂತ'. ಪಕ್ಷ ಬೇರೆಯಾಯಿತೆಂದು ಗೆಳೆತನವೇನೂ ಕಡಿದಿರಲಿಲ್ಲ.

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ಅಣ್ಣನೂ ನಾನೂ ಹೋದ ಪಂಚಾಯಿತಿ ಚುನಾವಣೆಯಿಂದ ಮಾತು ಬಿಟ್ಟಿದ್ದೇವೆ ಮೇಷ್ಟ್ರೇ" ಎಂದರು. ಅಷ್ಟರಲ್ಲಿ ಬಸ್ ಬಂತು. ಹತ್ತುವಾಗ ತಿರುಗಿ, ಗೋಪಾಲಗೌಡರ ಮೇಲಿನ ಆ ಕವನ ಯಾವ ಪುಸ್ತಕದಲ್ಲಿ ಸಿಗುತ್ತದೆ ಎಂದು ಕೇಳಿದರು. ಅಡಿಗರ ಸಮಗ್ರ ಕಾವ್ಯ ನಮ್ಮ ಮನೆಯಲ್ಲಿದೆ, ಮಗಳ ಕೈಯಲ್ಲಿ ಕಳಿಸುತ್ತೇನೆ ಎಂದೆ.