ಮುತ್ತತ್ತಿಯ ಮಡು

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೊಂದುಂಟು. ಗಾಳದ ಕೋಲು ಎಂತಹುದಿರಬೇಕು, ದಾರ ಎಂತಹುದು, ಯಾವ ಮೀನಿಗೆ ಯಾವ ಆಹಾರವನ್ನೊಡ್ಡಬೇಕು ಎಂಬುದನ್ನೆಲ್ಲ ದೊರೆಯು ಸಾವಧಾನವಾಗಿ ನಿರೂಪಿಸಿದ್ದಾನೆ. ನಾನು ಗಾಳ ಹಿಡಿದವನಲ್ಲ, ಮೀನು ತಿಂದವನೂ ಅಲ್ಲ. ಆದರೂ ಈ ಪ್ರಕರಣವನ್ನು ಮಿತ್ರರಿಗೆ ಓದಿ ಹೇಳಿದ ದೆಸೆಯಿಂದ ಅವರೊಡನೆ ಕಾವೇರೀತೀರದಲ್ಲಿ ಕಾಲ ಕಳೆಯುವ ಯೋಗ ನನಗೆ ಅನೇಕ ವರ್ಷ ಒದಗಿತು. ಒಬ್ಬರು ಮಂಡ್ಯದವರು, ಒಬ್ಬರು ಮದ್ದೂರಿನವರು, ಮತ್ತೊಬ್ಬರು ಮಳವಳ್ಳಿಯ ವಕೀಲರು.

ಮಳವಳ್ಳಿ ತಾಲ್ಲೂಕಿನ ಹಲಗೂರನ್ನು ದಾಟಿ ಕಾಡನ್ನು ಹೊಕ್ಕರೆ ಮುತ್ತತ್ತಿ. ಸೀತಾದೇವಿಯ ಮೂಗುತಿ ಇಲ್ಲಿ ನೀರಿಗೆ ಬಿದ್ದಿತೆಂದೂ, ಆಂಜನೇಯನು ಬಾಲದಿಂದ ಮಡುವನ್ನು ಕಲಕಿ ಆ ಮುತ್ತನ್ನೆತ್ತಿದನೆಂದೂ ಸ್ಥಳಪುರಾಣ. ಅಲ್ಲಿಂದ ಭೀಮೇಶ್ವರಿ ಸಮೀಪವೇ. ಬಂಡೆಗಳ ನಡುವಣ ಆ ಆಳವಾದ ನೀರಿನಲ್ಲಿ ವಾಸಿಸುತ್ತಿದ್ದುದು ಬಿಳಿಮೀನು, ಅಂದರೆ ಮಹಶೀರ್: ಗೂನುಬೆನ್ನು, ಕಿತ್ತಳೆಬಣ್ಣದ ಈಜುರೆಕ್ಕೆ. ಅದಕ್ಕೆ ಒಡ್ಡುತ್ತಿದ್ದ ಆಹಾರವೋ, ರಾಗಿಹಿಟ್ಟಿನ ಉಂಡೆ! ನಮ್ಮ ಸೀಮೆಯ ಮೀನು ಬೇರೇನನ್ನು ತಾನೆ ಬಯಸೀತು? 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತು.

ಮಿತ್ರರ ಕಾಲದ ಪದ್ಧತಿ ಬೇರೆ. ಹಿಡಿದ ಮೀನನ್ನು ತೂಗಿ, ತೂಕವನ್ನು ಬರೆದಿಟ್ಟು, ಮರಳಿ ನೀರಿಗೆ ಬಿಡುತ್ತಿದ್ದರು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ ಶಿಬಿರಗಳಲ್ಲಿ ಸಂಬಳ ಪಡೆದು ಹರಿಗೋಲು ನಡೆಸುತ್ತ ಕಾವಲುಗಾರರಾಗಿದ್ದರು. ಆ ಪ್ರದೇಶ 1987ರಿಂದ ವನ್ಯಜೀವಿಧಾಮ. ಅಲ್ಲಿ ಗಾಳ ಹಾಕುವುದೂ ಬೇಟೆಯೇ ಎಂದು ಕಾನೂನನ್ನು ಅರ್ಥೈಸಿದ್ದರಿಂದ 2012ರ ವೇಳೆಗೆ ಅದೆಲ್ಲವೂ ನಿಂತುಹೋಯಿತು.

ಕಳೆದ ಮಾಘಮಾಸದಲ್ಲಿ ನಾವು ನಾಲ್ವರೂ ಪುನಃ ಹೋದೆವು, ಬರಿಗೈಯಲ್ಲಿ. ಮದ್ದೂರಿನವರಿಗೆ ಮಂಡಿನೋವು, ಬಂಡೆಯಿಳಿಯಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಪರಿಚಿತನಾದ ಹರಿಗೋಲಿನವನೊಬ್ಬನು ಸಿಕ್ಕಿದನು. ವಕೀಲರು ದೊಡ್ಡ ಮೀನಿನ ವಿಚಾರ ಕೇಳಲು, "ಮೀನು ಅವೆ ಸ್ವಾಮಿ, ಆದ್ರೆ ಅವಲ್ಲ" ಎಂದನು.

ಅವನ ಮಾತು ಯಥಾರ್ಥ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ, ಸದುದ್ದೇಶದಿಂದಲೇ, ಲೋಣಾವಳೆಯಲ್ಲಿ ಸಾಕಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ತಂದು ಬಿಟ್ಟರು. ಅವು ಹೆಚ್ಚಿದವು, ಗೂನುಬೆನ್ನಿನವು ಕ್ಷೀಣಿಸಿದವು. ಕಾವೇರಿಯ ಜಲಾನಯನವಲ್ಲದೆ ಅನ್ಯತ್ರ ಎಲ್ಲಿಯೂ ಇಲ್ಲದ ಈ ಮೀನಿಗೆ ಸರಿಯಾದ ಶಾಸ್ತ್ರೀಯ ನಾಮ ನಿರ್ಧಾರವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ವಿನಾಶಕ್ಕೆ ಅಣೆಕಟ್ಟು, ಮರಳು ತೆಗೆಯುವಿಕೆ, ಸಿಡಿಮದ್ದಿನ ಬೇಟೆ ಇವೂ ಕಾರಣಗಳೇ. ಆದರೆ ಒಂದು ಜಾತಿ ಹೋಗಿ ಇನ್ನೊಂದು ಬಂದುದು ಲೋಕಕ್ಕೆ ತಿಳಿದದ್ದು ಹೇಗೆ ಗೊತ್ತೆ? ಗಾಳದವರು 1998ರಿಂದ 2012ರವರೆಗೆ ಬರೆದಿಟ್ಟ ತೂಕದ ಲೆಕ್ಕಗಳಿಂದ!

ಇದನ್ನು ಹೇಳುತ್ತಲೇ ವಕೀಲರು ಮೌನವಾದರು. ಅವರ ಬಳಿ ಅಂತಹ ಪುಸ್ತಕಗಳು ಎರಡಿವೆ. ಮನೆಯವರು ಕಳೆದ ದೀಪಾವಳಿಯಲ್ಲಿ ರದ್ದಿಗೆ ಕೊಡಲು ತೆಗೆದಿರಿಸಿದ್ದರಂತೆ. ಮರುದಿನವೇ ನಾನು ಮಳವಳ್ಳಿಗೆ ಹೋಗಿ ಕುಳಿತು ಪ್ರತಿಮಾಡಲಾರಂಭಿಸಿದೆನು. ಮಸಿ ಮಾಸಿದೆ, ಅಂಕೆಗಳನ್ನು ಭೂತಗನ್ನಡಿಯಲ್ಲಿ ನೋಡಬೇಕು. ವಾಚಕ ಗೃಹಸ್ಥರ ಅಟ್ಟದಲ್ಲೇನಾದರೂ ಇಂತಹ ಪುಸ್ತಕವಿದ್ದಲ್ಲಿ ಹಬ್ಬದ ಗುಡಿಸುವಿಕೆಗೆ ಮುಂಚೆ ಒಮ್ಮೆ ತೆರೆದು ನೋಡಬೇಕಾಗಿ ಪ್ರಾರ್ಥನೆ.