ಕಲ್ಯದ ಕಲ್ಲು, ಸರ್ವರಿನ ಗುಟ್ಟು

1368ರಲ್ಲಿ ಜೈನ–ಶ್ರೀವೈಷ್ಣವ ವಿವಾದಕ್ಕೆ ಬುಕ್ಕರಾಯನು ವಿಧಿಸಿದ ಕಟ್ಟಳೆ ಶ್ರವಣಬೆಳಗೊಳದಲ್ಲಷ್ಟೇ ಅಲ್ಲ, ಮಾಗಡಿ ಸೀಮೆಯ ಕಲ್ಯದಲ್ಲಿಯೂ ಕಲ್ಲೇರಿತು. ಕಟ್ಟಳೆಗೆ ಒಳಪಡುವವರ ಕಣ್ಣೆದುರೇ ಅದು ನಿಂತಿತು. ಜಾಲತಾಣಗಳಿಗೆ ಸರ್ವರನ್ನು ಬಾಡಿಗೆ ಕೊಡುವ ಸಂಸ್ಥೆಗಳೂ ತಮ್ಮ ಮಿತಿಗಳನ್ನು ಹಾಗೆಯೇ ಬಯಲಲ್ಲಿಡಬೇಕು.

ಅದೇ ಮಾಗಡಿಯ ಕೆಂಪಾಪುರದಲ್ಲಿ 2015ರಲ್ಲಿ ಬೆಳಕಿಗೆ ಬಂದ ಕೆಂಪೇಗೌಡರ ಸಮಾಧಿಯ ಶಾಸನವನ್ನು ಸಂಶೋಧಕನೊಬ್ಬ ತಾಣಕ್ಕೇರಿಸಹೊರಟನೆನ್ನಿ. ಪಿಎಚ್‌ಪಿ ತಂತ್ರಾಂಶದ ಮೂಲ ಮಿತಿ ಕಡತವೊಂದಕ್ಕೆ 2 ಎಂಬಿ. ಒಳ್ಳೆಯ ಛಾಯಾಚಿತ್ರಕ್ಕೆ ಅದು ಸಾಲದು. ಪಾಠದ ಗತಿ ಇನ್ನೂ ಕಷ್ಟ. ದತ್ತಸಂಚಯವು ಲ್ಯಾಟಿನ್-1 ಸಂಕೇತಕ್ಕೆ ಕಟ್ಟುಬಿದ್ದಿದ್ದರೆ ಕನ್ನಡದ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯುತ್ತವೆ. ಲಿಪಿಕಾರನ ಸ್ಖಾಲಿತ್ಯವನ್ನಾದರೂ ಊಹಿಸಿ ತಿದ್ದಬಹುದು, ಇದನ್ನಲ್ಲ.

ಮಿತಿ ಬಯಲಾದರೆ ದಾಳಿಕೋರರಿಗೆ ದಾರಿಯಾದೀತೆಂಬ ವಾದ ಭದ್ರತಾ ನಿಯಮಗಳ ಮಟ್ಟಿಗೆ ಸಲ್ಲಬಹುದು. ಕಡತದ ಗಾತ್ರ, ಅಕ್ಷರಸಂಕೇತಗಳಲ್ಲಿ ಗುಟ್ಟೇನಿದೆ? ಹಣ ಪಡೆಯುವ ಮುನ್ನವೇ ಅವನ್ನು ಪ್ರಕಟಿಸಲಿ, ಕನ್ನಡದಲ್ಲಿಯೇ.